ಮೇಲ್ದಂಡೆಯ ತೊಟ್ಟಿಗಳಲ್ಲಿ ಏನಿದೆ?

ರಾಸಾಯನಿಕ ಕಾರ್ಖಾನೆಯೊಂದರ ದಾಸ್ತಾನು ವಿಭಾಗದಲ್ಲಿ ದುಡಿದು ನಿವೃತ್ತರಾದ ಓದುಗರೊಬ್ಬರು ಬರೆದಿದ್ದಾರೆ: ‘ನದಿ ಮಾಲಿನ್ಯದ ಕುರಿತ ನಿಮ್ಮ ಲೇಖನಗಳು ಜನರನ್ನು ಸುಮ್ಮನೆ ಹೆದರಿಸುತ್ತಿವೆ. ಕುಡಿಯುವ ನೀರನ್ನು ಪರೀಕ್ಷಿಸಿ, ಶುದ್ಧೀಕರಿಸಿಯೇ ಬಿಡುತ್ತಾರೆ. ಅನುಮಾನವಿದ್ದವರು ಕುದಿಸಿ ಕುಡಿಯಲಿ. ಕಾರ್ಖಾನೆ ಮುಚ್ಚಿಸಿದರೆ ದುಡಿಯುವವರ ಗತಿಯೇನು?’

ಸಂಪಾದಕರ ಉತ್ತರ: ದುಡಿಯುವವರ ಪ್ರಶ್ನೆ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ರಾಸಾಯನಿಕಗಳ ನಡುವೆಯೇ ಬದುಕು ಸವೆಸಿದ ನೀವು ‘ಕುದಿಸಿ ಕುಡಿಯಲಿ’ ಎಂದದ್ದು ನನಗೆ ನೋವು ತಂದಿತು. ಕುದಿಸಿದರೆ ಸಾಯುವುದು ರೋಗಾಣುಗಳು. ನೀರಿನಲ್ಲಿ ಕರಗಿದ ಸೀಸ, ಆರ್ಸೆನಿಕ್ ಅಲ್ಲೇ ಉಳಿದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ಇನ್ನು ಪರೀಕ್ಷೆಯೋ, ಪಟ್ಟಿಯಲ್ಲಿರುವ ವಸ್ತುಗಳನ್ನಷ್ಟೇ ಹುಡುಕುತ್ತದೆ. ಮೇಲ್ದಂಡೆಯಲ್ಲಿ ಏನನ್ನು ಸಂಗ್ರಹಿಸಿದ್ದಾರೆಂದು ತಿಳಿಯದ ಪ್ರಯೋಗಾಲಯ ಯಾವುದನ್ನೆಂದು ಹುಡುಕೀತು?

2014ರ ಜನವರಿ 9ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ, ಎಲ್ಕ್ ನದಿಯ ದಂಡೆಯಲ್ಲಿದ್ದ ಫ್ರೀಡಮ್ ಇಂಡಸ್ಟ್ರೀಸ್ ಕಂಪನಿಯ ತೊಟ್ಟಿಯೊಂದು ಸೋರಿ, ಕಲ್ಲಿದ್ದಲು ತೊಳೆಯಲು ಬಳಸುವ ಎಂಸಿಎಚ್‌ಎಂ ಎಂಬ ರಾಸಾಯನಿಕ ನದಿಗೆ ಸೇರಿತು. ಅಲ್ಲಿಂದ ಸುಮಾರು ಎರಡೂವರೆ ಕಿಲೋಮೀಟರ್ ಕೆಳಗೇ ಕುಡಿಯುವ ನೀರನ್ನು ಎತ್ತುತ್ತಿದ್ದರು. ಅಪಾಯದ ಸುಳಿವು ಕೊಟ್ಟವರು, ಜ್ಯೇಷ್ಠಮಧುವಿನಂಥ ವಾಸನೆ ಬರುತ್ತಿದೆಯೆಂದು ದೂರಿತ್ತ ಸುತ್ತಲಿನ ನಿವಾಸಿಗಳು. ಸುಮಾರು 3 ಲಕ್ಷ ಜನರಿಗೆ ನಲ್ಲಿಯ ನೀರನ್ನು ಕುಡಿಯಬೇಡಿ, ಅಡುಗೆಗೆ ಬಳಸಬೇಡಿ, ಸ್ನಾನವನ್ನೂ ಮಾಡಬೇಡಿ ಎಂದು ಸಾರಬೇಕಾಯಿತು. ಎಷ್ಟಿದ್ದರೆ ಅಪಾಯವಿಲ್ಲ ಎಂದು ಖಚಿತವಾಗಿ ಹೇಳುವಷ್ಟು ಅಧ್ಯಯನಗಳೇ ಇರಲಿಲ್ಲ. ಏಕೆಂದರೆ 1976ರ ಅಲ್ಲಿನ ಕಾಯ್ದೆ, ಆಗಲೇ ಬಳಕೆಯಲ್ಲಿದ್ದ ಸುಮಾರು 62,000 ರಾಸಾಯನಿಕಗಳನ್ನು ಹೊಸ ಪರೀಕ್ಷೆಯಿಲ್ಲದೆ ಮುಂದುವರಿಯಲು ಬಿಟ್ಟಿತ್ತು, ಎಂಸಿಎಚ್‌ಎಂ ಅವುಗಳಲ್ಲೊಂದು. ಕಂಪನಿ ಜನವರಿ 17ರಂದು ದಿವಾಳಿ ಅರ್ಜಿ ಹಾಕಿತು. ತೊಟ್ಟಿಯಲ್ಲಿ ಇನ್ನೊಂದು ರಾಸಾಯನಿಕವೂ ಬೆರೆತಿತ್ತೆಂದು ಅದು ಬಾಯಿಬಿಟ್ಟದ್ದು 21ರಂದು, ಜನ ಮತ್ತೆ ಆ ನೀರನ್ನು ಬಳಸತೊಡಗಿದ ಮೇಲೆ!

ನನಗೆ ಸಹಿಸಲಾಗದ್ದು ಈ ಮೌನವೇ. ವ್ಯಾಪಾರದ ಗುಟ್ಟು ಎಂಬ ನೆಪದಲ್ಲಿ ಕುಡಿಯುವವನಿಂದ ಬಚ್ಚಿಡುವ ಹಕ್ಕನ್ನು ಯಾರು ಯಾರಿಗೆ ಕೊಟ್ಟರು? ಅದೇ ದೇಶದ ಕೇಪ್ ಫಿಯರ್ ನದಿಯ ನೀರು ಕುಡಿಯುವ ವಿಲ್ಮಿಂಗ್ಟನ್ ನಗರದ ಜನರಿಗೆ, ತಮ್ಮ ನಲ್ಲಿಗಳಲ್ಲಿ ಜೆನ್‌ಎಕ್ಸ್ ಎಂಬ ಕೈಗಾರಿಕಾ ರಾಸಾಯನಿಕವಿದೆಯೆಂಬುದು 2017ರಲ್ಲಿ ಪತ್ರಿಕೆಯಿಂದ ತಿಳಿಯಿತು. ಮಾಮೂಲಿ ಶುದ್ಧೀಕರಣಕ್ಕೆ ಅದು ಜಗ್ಗುವುದಿಲ್ಲ. ಅದನ್ನು ತಡೆಯಲು ಸಕ್ರಿಯ ಇಂಗಾಲದ ದೊಡ್ಡ ಸೋಸುಘಟಕವನ್ನೇ ಕಟ್ಟಬೇಕಾಯಿತು. ಅದನ್ನು ನದಿಗೆ ಬಿಟ್ಟ ಮೇಲ್ದಂಡೆಯ ಕಾರ್ಖಾನೆ ತನ್ನ ತ್ಯಾಜ್ಯವನ್ನು ತನ್ನ ಅಂಗಳದಲ್ಲೇ ಹಿಡಿದಿದ್ದರೆ ಈ ಹೊರೆ ಕೆಳದಂಡೆಯವರ ತಲೆಗೆ ಬರುತ್ತಿರಲಿಲ್ಲ, ಯಾರ ಕೆಲಸವೂ ಹೋಗುತ್ತಿರಲಿಲ್ಲ.

ನೀವು ದಾಸ್ತಾನು ನೋಡಿಕೊಂಡವರು. ಯಾವ ತೊಟ್ಟಿಗೆ ಎಂಥ ತಡೆಗೋಡೆಯಿತ್ತು, ಸೋರಿದಾಗ ಯಾರಿಗೆ ತಿಳಿಸಬೇಕೆಂದು ನಿಮಗೆ ಹೇಳಿಕೊಟ್ಟಿದ್ದರು, ನೀರೆತ್ತುವ ಘಟಕದವರು ಎಂದಾದರೂ ಬಂದು ವಿಚಾರಿಸಿದ್ದರೇ? ದಯವಿಟ್ಟು ವಿವರವಾಗಿ ಬರೆದು ಕಳಿಸಿ. ಪೂರ್ತಿ ಅಚ್ಚು ಮಾಡುತ್ತೇನೆ.