ನಿಮ್ಮ ಪತ್ತೇದಾರನಿಗೆ ನಾಳೆ ಗೊತ್ತಿರಬಾರದು

ನಮಸ್ಕಾರ. ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅಚ್ಚು ಮಾಡಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

1943ರ ಬೆಂಗಳೂರು. ಹಲಸೂರು ಕೆರೆಯಲ್ಲಿ ಪೆಟ್ರೋಲ್ ರೇಷನ್ ಕೂಪನ್ ಕೊಡುವ ಗುಮಾಸ್ತನ ಹೆಣ. ಅವನ ಹೆಂಡತಿ ಪೇಟೆಯಿಂದ ಬಂದು, ಪೊಲೀಸ್ ಕೆಲಸ ಕಳೆದುಕೊಂಡ ನಿಮ್ಮ ಪತ್ತೇದಾರನ ಮುಂದೆ ಚಿನ್ನದ ಬಳೆ ಬಿಚ್ಚಿಡುತ್ತಾಳೆ. ಅವನು ಅದನ್ನು ಕೈಯಲ್ಲೇ ತೂಗಿ, ಎರಡು ತಿಂಗಳ ಬಾಡಿಗೆ ಅಂತ ಲೆಕ್ಕ ಹಾಕಿ, ನಾಚಿಕೊಂಡು, ಆದರೂ ಜೇಬಿಗೆ ಹಾಕಿಕೊಳ್ಳುತ್ತಾನಲ್ಲ, ಅಲ್ಲೇ ನನಗೆ ಅವನ ಮೇಲೆ ನಂಬಿಕೆ ಬಂತು.

ಆ ನಂಬಿಕೆ ಏಳನೇ ಅಧ್ಯಾಯದಲ್ಲಿ ಹೋಯಿತು. ಬ್ರಿಟಿಷರ ಕೈಯಲ್ಲಿದ್ದ ದಂಡಿನ (ಕಂಟೋನ್ಮೆಂಟಿನ) ಬೀದಿಯಲ್ಲಿ ನಿಂತು ಅವನು 'ಇನ್ನು ನಾಲ್ಕು ವರ್ಷ, ಇವರೆಲ್ಲ ಗಂಟುಮೂಟೆ ಕಟ್ಟುತ್ತಾರೆ' ಅನ್ನುತ್ತಾನೆ. ಅವನಿಗೆ ಹೇಗೆ ಗೊತ್ತು? ದಂಡು 1947ರ ಜುಲೈ 26ಕ್ಕೆ ಮೈಸೂರು ಸಂಸ್ಥಾನದ ಕೈಗೆ ವಾಪಸ್ ಬಂತು ಅನ್ನುವುದು ನಮಗೆ ಗೊತ್ತು. ಅವನಿಗೆ ಗೊತ್ತಿರುವುದು ಹಿಂದಿನ ವರ್ಷ ವಿಶಾಖಪಟ್ಟಣದ ಮೇಲೆ ಜಪಾನಿನ ಬಾಂಬು ಬಿದ್ದಿದ್ದು, ಚಲೇಜಾವ್ ಅಂದವರು ಜೈಲು ಸೇರಿದ್ದು, ಜಾಲಹಳ್ಳಿಯಲ್ಲಿ ಇಟಲಿಯ ಸೆರೆಯಾಳುಗಳು ಇರುವುದು, ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಅಮೆರಿಕದವರ ವಿಮಾನ ರಿಪೇರಿ ಆಗುತ್ತಿರುವುದು, ಅಷ್ಟೇ. ಯುದ್ಧ ಯಾರು ಗೆಲ್ಲುತ್ತಾರೋ ಅವನಿಗೆ ಗೊತ್ತಿಲ್ಲ. ಇಂಥ ಕಾದಂಬರಿಯನ್ನು ರಾತ್ರಿ ಎರಡರ ತನಕ ಓದಿಸುವುದು ಇದೇ: ನಮಗೆ ಗೊತ್ತಿರುವ ಕಡೆಗೆ ಅವನು ಕತ್ತಲಲ್ಲಿ ತಡಕಾಡುತ್ತಾ ನಡೆಯುತ್ತಾನೆ, ಅವನನ್ನು ಕೂಗಿ ನಿಲ್ಲಿಸೋಣ ಅನಿಸುತ್ತದೆ, ಆದರೆ ನಮ್ಮ ದನಿ ಅವನಿಗೆ ಕೇಳಿಸುವುದಿಲ್ಲ. ನೀವು ಅವನ ಕೈಗೆ ದೀಪ ಕೊಟ್ಟುಬಿಟ್ಟಿರಿ.

ಇನ್ನು ಊರಿನ ವಿಷಯ. ಪೇಟೆ ಮಹಾರಾಜರದು, ದಂಡು ಬ್ರಿಟಿಷ್ ರೆಸಿಡೆಂಟರದು. ಊರು ಒಂದೇ, ಪೊಲೀಸು ಎರಡು. ಹೆಣ ಆ ಕಡೆ, ವಿಧವೆ ಈ ಕಡೆ! ಪತ್ತೇದಾರಿ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ನೀವು ಇದನ್ನು ಬ್ರಿಟಿಷರು ದಂಡು ಕಟ್ಟಿದ 1809ರಿಂದ ಶುರುಮಾಡಿ ಮೂರು ಪುಟ ಪಾಠ ಮಾಡಿದ್ದೀರಿ. ಅದನ್ನು ಪೂರ್ತಿ ತೆಗೆಯಿರಿ. ಆ ಹೆಂಗಸನ್ನು ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಅಲೆಸಿ, 'ನಮ್ಮದಲ್ಲಮ್ಮ, ಆ ಕಡೆ ಹೋಗಿ' ಅಂತ ಎರಡು ಕಡೆಯೂ ಹೇಳಿಸಿ. ಓದುಗರಿಗೆ ಗಡಿ ತಾನಾಗಿ ಅರ್ಥವಾಗುತ್ತದೆ.

ಉದ್ದ ಕೋಟು, ಮೇಜಿನ ಡ್ರಾಯರ್‌ನಲ್ಲಿ ವಿಸ್ಕಿ, ಕೆಂಪು ತುಟಿಯ ಹೆಂಗಸು ಇವೆಲ್ಲ ಅಮೆರಿಕದ ಪತ್ತೇದಾರಿ ಕಾದಂಬರಿಗಳ ಸಾಮಾನು, ಸುಮ್ನೆ ಬಂದು ಕೂತಿವೆ. ಅಲ್ಲಿಂದ ತರಬೇಕಾದ್ದು ಬೇರೆ. ಹೊಟ್ಟೆಪಾಡಿಗೆ ಸತ್ಯ ಹುಡುಕುವ ಮನುಷ್ಯ, ಹುಡುಕಿದ ಮೇಲೆ ಅದು ಯಾರಿಗೂ ಬೇಡವಾಗಿತ್ತು ಅಂತ ತಿಳಿಯುವುದು, ಇದು ಎಲ್ಲ ಊರಿಗೂ ಸಲ್ಲುತ್ತದೆ ಅಲ್ವಾ? ಆದರೆ ನಿಮ್ಮ ಕೊನೆಯಲ್ಲಿ ಮಿಲಿಟರಿ ಕಂಟ್ರಾಕ್ಟರ್ ಸಿಕ್ಕಿಬೀಳುತ್ತಾನೆ, ದಿವಾನರು ಪತ್ತೇದಾರನಿಗೆ ಶಾಲು ಹೊದಿಸುತ್ತಾರೆ. ನಾನು ನಂಬಲಿಲ್ಲ. ಯುದ್ಧಕ್ಕೆ ಬೇಕಾದ ಕಂಟ್ರಾಕ್ಟರನ್ನು 1943ರಲ್ಲಿ ಯಾರು ಮುಟ್ಟುತ್ತಿದ್ದರು? ಕೊಂದವನು ಯಾರು ಅಂತ ಪತ್ತೇದಾರನಿಗೂ ಆ ಹೆಂಗಸಿಗೂ ಮಾತ್ರ ಗೊತ್ತಾಗಲಿ.

ಮತ್ತೆ, ಆ ಬಳೆ ಏನಾಯಿತು? ಮೂರನೇ ಅಧ್ಯಾಯದ ನಂತರ ಎಲ್ಲೂ ಕಾಣಲಿಲ್ಲ. ಮಾರಿದನೋ, ವಾಪಸ್ ಕೊಟ್ಟನೋ ಅದನ್ನು ಬರೆದು ಕಳಿಸಿ, ಮೊದಲು ಅದನ್ನೇ ಓದುತ್ತೇನೆ.