ನಾನೇ ಕೈಯಾರೆ ಕರ್ಕೊಂಡು ಹೋದೆ

2021ರ ಜುಲೈ ಮೊದಲ ವಾರ. ಕೊರೋನಾದ ಎರಡನೇ ಅಲೆ ಇಳಿಯುತ್ತಿತ್ತು. ಮೊದಲು ಫೋನ್ ಮಾಡಿದ್ದು ಬೆಂಗಳೂರಲ್ಲಿರುವ ಮಗ. "ಅಮ್ಮನಿಗೆ 54, ಶುಗರ್ ಬಂದು ಒಂಬತ್ತು ವರ್ಷ ಆಯ್ತು, ಲಸಿಕೆ ಅಂದ್ರೆ ಸಾಕು ಎದ್ದು ಒಳಗೆ ಹೋಗ್ತಾರೆ. ಸ್ವಲ್ಪ ಬುದ್ಧಿ ಹೇಳಿ ಮೇಡಂ" ಅಂದ. ಬುದ್ಧಿ ಹೇಳೋದು ನನ್ನ ಕೆಲಸ ಅಲ್ಲ, ಅವರಾಗಿ ಮಾತಾಡ್ತೀನಿ ಅಂದ್ರೆ ಕೇಳ್ತೀನಿ ಅಂದೆ. (ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ.)

ಮೊದಲ ಕರೆಯಲ್ಲಿ ನಾನೇ ಎಡವಿದೆ. "ರಕ್ತ ಹೆಪ್ಪುಗಟ್ಟುತ್ತಂತಲ್ಲ?" ಎಂದರು ಅಕ್ಕ. ನಾನು ಲೆಕ್ಕ ಒಪ್ಪಿಸಿದೆ. ಲಸಿಕೆಯ ಅಡ್ಡಪರಿಣಾಮ ನೋಡುವ ರಾಷ್ಟ್ರೀಯ ಸಮಿತಿ ಮೇ ತಿಂಗಳಲ್ಲಿ ಹೇಳಿದ ಪ್ರಕಾರ ಕೋವಿಶೀಲ್ಡ್‌ನಲ್ಲಿ ಹತ್ತು ಲಕ್ಷ ಡೋಸಿಗೆ ಅಂಥ ಪ್ರಕರಣ 0.61, ಅಂದರೆ ಒಂದೂ ತುಂಬಲ್ಲ. "ಆ ಒಂದು ನಮ್ಮನೇದೇ ಆದ್ರೆ?" ಅಂದು ಫೋನ್ ಇಟ್ಟುಬಿಟ್ಟರು.

ಮೂರು ದಿನ ಬಿಟ್ಟು ಅವರೇ ಮಾಡಿದರು. ಒಂದು ಮೆಸೇಜ್ ಬಂದಿತ್ತಂತೆ. ಎರಡನೇ ಡೋಸಿನ ಸಮಯ ಆಯ್ತು ಅಂತ. ಹೆಸರು ಅವರದಲ್ಲ, ತಮ್ಮನದು. ತಮ್ಮ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದ, 49 ವರ್ಷ.

ಆಮೇಲೆ ಕತೆ ಬಿಚ್ಚಿಕೊಂಡಿತು. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಲಸಿಕೆ ಶುರುವಾಯ್ತಲ್ಲ, ಆಗ ತಮ್ಮನನ್ನು ಒತ್ತಾಯ ಮಾಡಿ ಹೊರಡಿಸಿದ್ದು ಅಕ್ಕನೇ, ತನ್ನದೇ ಫೋನ್ ನಂಬರಿನಲ್ಲಿ ಅವನ ಹೆಸರು ಬರೆಸಿದ್ದೂ ಅವರೇ. ಅವತ್ತು ಇವರಿಗೆ ಶುಗರ್ 300 ದಾಟಿತ್ತು, ಹೆದರಿ ತಾವು ಹಾಕಿಸಿಕೊಳ್ಳದೆ ವಾಪಸ್ ಬಂದರು. ತಮ್ಮನಿಗೆ ಮೂರನೇ ದಿನ ಜ್ವರ. ಹನ್ನೆರಡನೇ ದಿನ ಹೋದ. "ನಾನೇ ಕೈಯಾರೆ ಕರ್ಕೊಂಡು ಹೋದೆ ಮೇಡಂ. ನಾನು ಮಾತ್ರ ಉಳ್ಕೊಂಡೆ." ಇದೊಂದು ಮಾತನ್ನು ಎಷ್ಟು ಸಲ ಹೇಳಿದರೋ.

ಹಾಗಾದರೆ ಇದು ರಕ್ತ ಹೆಪ್ಪುಗಟ್ಟೋ ಭಯ ಆಗಿರಲೇ ಇಲ್ಲ.

"ಸಾಲಲ್ಲಿ ನಿಂತಾಗ ಅವನಿಗೆ ಕೊರೋನಾ ಅಂಟಿತಾ?" ಅಂತ ಕೇಳಿದರು. ಇಲ್ಲ ಅಂದುಬಿಡಬಹುದಿತ್ತು, ಅವರಿಗೂ ಹಗುರ ಆಗ್ತಿತ್ತು. ಆದರೆ ಸುಳ್ಳು ಹೇಳಿ ಸಮಾಧಾನ ಮಾಡಿದರೆ ಅದು ಎಷ್ಟು ದಿನ ಬಾಳುತ್ತೆ? ಇರಬಹುದು ಅಕ್ಕ, ಯಾರಿಗೂ ಖಚಿತವಾಗಿ ಗೊತ್ತಾಗಲ್ಲ ಅಂದೆ. ಆದರೆ ಸೋಂಕು ತಗುಲಿ ಜ್ವರ ಬರೋಕೆ ಸಾಮಾನ್ಯವಾಗಿ ನಾಲ್ಕೈದು ದಿನ ಬೇಕು, ಮೂರನೇ ದಿನಕ್ಕೇ ಜ್ವರ ಅಂದರೆ ಮೊದಲೇ ಒಳಗೆ ಇದ್ದಿರೋ ಸಾಧ್ಯತೆ ಜಾಸ್ತಿ. ಕೋವಿಶೀಲ್ಡ್ ಆಗಲಿ ಕೋವ್ಯಾಕ್ಸಿನ್ ಆಗಲಿ, ಎರಡರಲ್ಲೂ ಜೀವಂತ ಕೊರೋನಾ ವೈರಸ್ ಇಲ್ಲ. ಲಸಿಕೆ ಕೆಲಸ ಶುರು ಮಾಡೋಕೆ ಎರಡು ಮೂರು ವಾರ ಬೇಕು, ತಮ್ಮನಿಗೆ ಅಷ್ಟು ಟೈಮ್ ಸಿಗಲಿಲ್ಲ. ಇಷ್ಟು ಹೇಳಿ ಸುಮ್ಮನಾದೆ. ಅವರು ಅತ್ತರು, ತುಂಬಾ ಹೊತ್ತು.

ಸೂಜಿ ಭಯವಾ ಅಂತ ಇನ್ನೊಂದು ದಿನ ಕೇಳಿದಾಗ ನಕ್ಕರು. "ದಿನಾ ಹೊಟ್ಟೆಗೆ ನಾನೇ ಇನ್ಸುಲಿನ್ ಚುಚ್ಕೋತೀನಿ." ಅದರಿಂದ ಶುಗರ್ ಲೋ ಆಗಿ ಬೀಳಬಹುದು ಅಲ್ವಾ ಅಂದೆ. "ಅದಕ್ಕೇ ಸೆರಗಿನ ತುದೀಲಿ ಪೆಪ್ಪರಮಿಂಟ್ ಕಟ್ಕೊಂಡಿರ್ತೀನಿ." ನೋಡಿ, ಅಪಾಯ ತೂಗೋದನ್ನು ನಾನು ಇವರಿಗೆ ಏನು ಕಲಿಸಲಿ! ಒಂಬತ್ತು ವರ್ಷದಿಂದ ಅದನ್ನೇ ಮಾಡ್ತಿದ್ದಾರೆ. ತಾನಾಗಿ ಬಂದ ಕಷ್ಟಕ್ಕಿಂತ ಕೈಯಾರೆ ತಂದುಕೊಂಡಿದ್ದು ನಮಗೆ ಜಾಸ್ತಿ ಭಾರ ಅನಿಸುತ್ತೆ, ಅದಕ್ಕೇ ಏನೂ ಮಾಡದೆ ಕೂತರೆ ತಪ್ಪೂ ಇಲ್ಲ, ಅಪಾಯವೂ ಇಲ್ಲ ಅನ್ನಿಸಿಬಿಡುತ್ತೆ. ಆದರೆ ಸಕ್ಕರೆ ಕಾಯಿಲೆ ಇರೋರಿಗೆ ಕೊರೋನಾ ಬಂದರೆ ಜೋರಾಗುವ ಸಾಧ್ಯತೆ ಜಾಸ್ತಿ. ಅದೂ ತಕ್ಕಡಿಯಲ್ಲಿ ಇರಬೇಕು ಅಂದೆ. ಇನ್ಸುಲಿನ್ನಿಗೆ ಪೆಪ್ಪರಮಿಂಟ್ ಇದ್ದ ಹಾಗೆ ಇದಕ್ಕೇನು ಕಟ್ಟಿಕೊಳ್ಳೋದು ಅಂತ ಅವರೇ ಕೇಳಿದರು.

ನಾನು ಹೇಳಿದ್ದು ಇಷ್ಟು. ಶುಗರ್ ನೋಡುವ ಡಾಕ್ಟರನ್ನು ಮೊದಲು ಕಾಣಿ, ಅಲರ್ಜಿ ಏನಾದ್ರೂ ಇದ್ದರೆ ಹೇಳಿ. ಅವತ್ತು ಊಟ, ಇನ್ಸುಲಿನ್ ತಪ್ಪಿಸಬೇಡಿ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಒಂದೆರಡು ದಿನ ಜ್ವರ, ಮೈಕೈ ನೋವು ಮಾಮೂಲು. ಆದರೆ ಮುಂದಿನ ಇಪ್ಪತ್ತು ದಿನದಲ್ಲಿ ಬಿಡದ ತಲೆನೋವು, ಉಸಿರುಗಟ್ಟೋದು, ಎದೆನೋವು, ಕಾಲು ಬಾವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಮತ್ತೆ, ತಮ್ಮನ ಹೆಂಡತಿ ಜೊತೆ ಒಂದು ಸಲ ಮಾತಾಡಿ. ಆಕೆ ತನ್ನನ್ನೇ ದೂರುತ್ತಾಳೆ ಅಂತ ಅಕ್ಕ ಮೂರು ತಿಂಗಳಿಂದ ಆ ಮನೆ ಹೊಸಿಲು ತುಳಿದಿರಲಿಲ್ಲ.

ಮಗನಿಗೆ ಹೇಳಿದ್ದು ಒಂದೇ: ಅಮ್ಮನಿಗೆ ವಿಡಿಯೋ ಫಾರ್ವರ್ಡ್ ಮಾಡೋದು ನಿಲ್ಲಿಸಪ್ಪ, ಊರಿಗೆ ಹೋಗಿ ಬಾ.

ತಿಂಗಳ ಕೊನೆಗೆ ಅಕ್ಕನ ಫೋನ್ ಬಂತು. ತಮ್ಮನ ಹೆಂಡತಿಯೂ ಹಾಕಿಸಿಕೊಂಡಿರಲಿಲ್ಲವಂತೆ. ಇಬ್ಬರೂ ಒಂದೇ ದಿನ ಹೋಗಿ, ಪಕ್ಕಪಕ್ಕದ ಕುರ್ಚಿಯಲ್ಲಿ ಅರ್ಧ ಗಂಟೆ ಕೂತು ಬಂದರಂತೆ. "ಅವಳಿಗೆ ಒಂದು ಪೆಪ್ಪರಮಿಂಟ್ ಕೊಟ್ಟೆ" ಅಂದರು. ತಮ್ಮನ ಮೆಸೇಜ್ ಮಾತ್ರ ಇನ್ನೂ ಫೋನಿನಲ್ಲಿದೆ. ಅಳಿಸಿ ಅಂತ ನಾನೂ ಹೇಳಲಿಲ್ಲ.