‘ಹಣೆಬರಹ ಬಿಡಿ’ ಎಂದು ಕೈಚೆಲ್ಲಿದ ಶುಗರ್ ರೋಗಿಗೆ ಏನು ಹೇಳಬೇಕು?

ಹೊಸನಗರದ ಕಡೆಯ ಉಪಕೇಂದ್ರಕ್ಕೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಹೊಸದಾಗಿ ಬಂದಿದ್ದೀರಿ. ಶುಗರ್, ಬಿಪಿ ಇರುವವರಿಗೆ ಪಥ್ಯ, ನಡಿಗೆ ಎಲ್ಲವನ್ನೂ ತಿಳಿಸಿ ಹೇಳುತ್ತೀರಿ. ಕೆಲವು ವಾರ ಮಾಡಿ ಬಿಟ್ಟುಬಿಡುತ್ತಾರೆ, ಕೇಳಿದರೆ ‘ಹಣೆಬರಹ ಬಿಡಿ ಮೇಡಂ’ ಎನ್ನುತ್ತಾರೆ, ಒಬ್ಬ ಅಮ್ಮನಂತೂ ಬರುವುದನ್ನೇ ನಿಲ್ಲಿಸಿದ್ದಾರೆ, ಏನು ಮಾಡಲಿ ಎಂಬುದು ನಿಮ್ಮ ಪ್ರಶ್ನೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ವೈದ್ಯನಾಗಿ ಬಹುಕಾಲದಿಂದ ಇಂಥವರನ್ನೇ ನೋಡುತ್ತಿರುವುದರಿಂದ ಉತ್ತರಿಸುತ್ತಿದ್ದೇನೆ.

ಅವರಿಗೆ ತಿಳಿವಳಿಕೆ ಸಾಲದು ಎಂಬ ಲೆಕ್ಕಾಚಾರವನ್ನು ಮೊದಲು ಬಿಡಿ. ಅನ್ನ ಕಡಿಮೆ ಮಾಡಬೇಕೆಂದು ಮಲೆನಾಡಿನಲ್ಲಿ ಈಗ ಯಾರಿಗೆ ಗೊತ್ತಿಲ್ಲ? ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನೂ ‘ನಿಮಗೆ ಶುಗರ್ ಅಲ್ಲವೇ’ ಎಂದು ಕೇಳಿಯೇ ಮುಂದೆ ಹೋಗುತ್ತಾನೆ. ನಿಮ್ಮೆದುರು ಮುಖ ಬಾಡಿಸಿಕೊಂಡು ಕುಳಿತವರು ಒಮ್ಮೆ ಮಾಡಿ ಸೋತವರು. ಏನೂ ಮಾಡದವರಿಗೆ ಆ ಬೇಸರವೂ ಇರುವುದಿಲ್ಲ.

ಆ ಸೋಲಿನಲ್ಲಿ ಅವರ ಪಾಲೆಷ್ಟು, ಕಾಯಿಲೆಯ ಪಾಲೆಷ್ಟು ಎಂದು ಬಿಡಿಸಿ ಹೇಳಬೇಕು. ಎರಡನೇ ಬಗೆಯ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವ ಶಕ್ತಿಯನ್ನು ವರ್ಷ ಕಳೆದಂತೆ ಕಳೆದುಕೊಳ್ಳುತ್ತಾ ಹೋಗುತ್ತದೆ. ಅದೇ ಊಟ, ಅದೇ ಮಾತ್ರೆ ಇದ್ದರೂ ಐದಾರು ವರ್ಷಗಳಲ್ಲಿ ಶುಗರ್ ಏರುವುದುಂಟು. ರೋಗಿ ಅದನ್ನು ‘ನಾನು ಬಾಯಿ ಕಟ್ಟಿದ್ದೆಲ್ಲ ದಂಡ’ ಎಂದು ಓದಿಕೊಳ್ಳುತ್ತಾರೆ. ಮಾತ್ರೆ ಬದಲಿಸುವ ಹೊತ್ತು ಬಂದಿದೆ, ಇದು ನಿಮಗೆ ಕೊಡುವ ಶಿಕ್ಷೆಯಲ್ಲ ಎಂದು ಯಾರಾದರೂ ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಇನ್ನೊಂದು ವಿಷಯ: ಮಧುಮೇಹ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲವೇ, ಮನಸ್ಸು ಕುಗ್ಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಒಂದು ನಿಮಿಷ ಸಾಕು. ಹೌದು ಎಂದರೆ ಪಥ್ಯದ ಮಾತು ಆಮೇಲೆ. ವೈದ್ಯರಿಗೆ ತೋರಿಸಿ, ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಬರೆದುಕೊಡಿ. ಕನ್ನಡದಲ್ಲೇ ಮಾತನಾಡಬಹುದು.

ಹೆದರಿಸುವುದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ‘ಕಣ್ಣು ಹೋಗುತ್ತದೆ, ಕಾಲು ತೆಗೆಯಬೇಕಾಗುತ್ತದೆ’ ಎಂದು ಗದರಿದರೆ ಅವರು ಮುಂದಿನ ಸಲ ಅನ್ನ ಬಿಟ್ಟು ಬರುವುದಿಲ್ಲ, ಬರುವುದನ್ನೇ ಬಿಡುತ್ತಾರೆ. ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಕುಡಿತಕ್ಕೆ ಬಿದ್ದವರ ಚಿಕಿತ್ಸೆ ಮಾಡುತ್ತಾ 1983ರಲ್ಲಿ ಬೇರೊಂದು ವಿಧಾನವನ್ನು ಪ್ರಕಟಿಸಿದರು. ಬದಲಾವಣೆಯ ಪರವಾಗಿ ನಾವು ವಾದಿಸಿದಷ್ಟೂ ರೋಗಿ ಅದರ ವಿರುದ್ಧ ವಾದಿಸುತ್ತಾನೆ, ವಾದಿಸುತ್ತಾ ತನ್ನ ಮಾತನ್ನು ತಾನೇ ನಂಬಿಬಿಡುತ್ತಾನೆ. ಆದ್ದರಿಂದ ಪರವಾದ ಮಾತು ಅವನ ಬಾಯಿಂದಲೇ ಬರುವಂತೆ ಕೇಳಬೇಕು ಎಂಬುದು ಅದರ ತಿರುಳು. ಅದರಲ್ಲೊಂದು ಪ್ರಶ್ನೆ ನಮ್ಮ ಕಡೆ ಚೆನ್ನಾಗಿ ನಡೆಯುತ್ತದೆ. ‘ಇದನ್ನು ಮಾಡಬಲ್ಲೆ ಎಂಬ ಧೈರ್ಯ ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ?’ ಎಂದು ಕೇಳಿ. ‘ಮೂರು’ ಎನ್ನುತ್ತಾರೆ. ಹತ್ತು ಯಾಕಿಲ್ಲ ಎಂದು ಕೇಳಬೇಡಿ, ಕೇಳಿದರೆ ದೂರಿನ ಪಟ್ಟಿಯೇ ಬರುತ್ತದೆ. ‘ಒಂದು ಎನ್ನಲಿಲ್ಲವಲ್ಲ, ಯಾಕೆ?’ ಎಂದು ಕೇಳಿ ಸುಮ್ಮನಿರಿ. ಆಗ ಬರುವ ಉತ್ತರದಲ್ಲಿ ಕಣ್ಣು, ಕಿಡ್ನಿ ಇರುವುದಿಲ್ಲ. ‘ಅಡಿಕೆ ಕೊಯ್ಯುವ ಕೊನೆಗೌಡರು ಸಿಗುವುದಿಲ್ಲ, ತೋಟಕ್ಕೆ ನಾನೇ ಇಳಿಯಬೇಕು’ ಎಂದೋ, ‘ಮೊಮ್ಮಗಳನ್ನು ಎತ್ತಿಕೊಳ್ಳಲು ಸುಸ್ತು’ ಎಂದೋ ಇರುತ್ತದೆ. ಅವರ ಕಾರ್ಡಿನ ಮೂಲೆಯಲ್ಲಿ ಅದನ್ನೇ ಬರೆದಿಡಿ. ಮುಂದಿನ ಮಾತೆಲ್ಲ ಅಲ್ಲಿಂದಲೇ ಶುರುವಾಗಲಿ.

ಸಲಹೆ ಊರಿಗೆ ಒಗ್ಗಬೇಕು. ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ; ಆಷಾಢದಲ್ಲಿ ಇಂಬಳ (ಜಿಗಣೆ) ಕಚ್ಚಿಸಿಕೊಂಡು ಯಾರು ವಾಕಿಂಗ್ ಹೋಗುತ್ತಾರೆ? ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಜಗಲಿಯಲ್ಲೇ ಅತ್ತಿತ್ತ ನಡೆಯಲಿ. ಊಟದ ನಂತರ ಏರುವ ಸಕ್ಕರೆಯನ್ನು ತಗ್ಗಿಸಲು ಆ ಹೊತ್ತಿನ ನಡಿಗೆ ಒಳ್ಳೆಯದೇ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರುವವರು ನಡುನಡುವೆ ಎದ್ದು ಓಡಾಡಲಿ.

ಊಟದ ವಿಷಯದಲ್ಲಿ ಅನ್ನ ಬಿಟ್ಟು ಚಪಾತಿ ತಿನ್ನಿ ಎನ್ನುವ ಸಲಹೆಯ ಮೇಲೆ ನನಗೆ ನಂಬಿಕೆಯಿಲ್ಲ. ನಾಲ್ಕು ಚಪಾತಿಯೇನು ಪುಣ್ಯಕ್ಕೆ ಬರುವುದಿಲ್ಲ. ಪಲ್ಯ, ಬಸಳೆ ಹುಳಿಯ ಹೋಳು, ಕೋಸಂಬರಿಯಲ್ಲಿ ಅರ್ಧ ಹೊಟ್ಟೆ ತುಂಬಿಸಿಕೊಂಡು ಆಮೇಲೆ ಅನ್ನಕ್ಕೆ ಕೈಹಾಕಿದರೆ ಅನ್ನ ತಾನಾಗಿ ಇಳಿಯುತ್ತದೆ. ಜೋನಿಬೆಲ್ಲ ಸಕ್ಕರೆಯಲ್ಲ ಎಂಬ ನಂಬಿಕೆಯನ್ನು ಮಾತ್ರ ಮುಲಾಜಿಲ್ಲದೆ ಒಡೆಯಿರಿ, ಶುಗರ್‌ಗೆ ಎರಡೂ ಒಂದೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ. ಹಾಗೆಂದು ಮಿಡಿ ಉಪ್ಪಿನಕಾಯಿ ಬಿಡಿ ಎಂದರೆ ನಿಮ್ಮನ್ನೇ ಬಿಟ್ಟಾರು. ಒಂದು ಮಿಡಿ ಇರಲಿ, ಹಪ್ಪಳ, ಸಂಡಿಗೆ ಹಬ್ಬಕ್ಕೆ ಹೋಗಲಿ. ಗಂಡಸರಾದರೆ ಅಡುಗೆ ಮಾಡುವವರನ್ನೂ ಕೂರಿಸಿ ಮಾತನಾಡಿ. ಹೆಂಗಸರ ಕಷ್ಟ ಬೇರೆ. ಎಲ್ಲರ ಊಟವಾದ ಮೇಲೆ ಉಳಿದ ಅನ್ನ ಚೆಲ್ಲಬಾರದೆಂದು ತಾವೇ ಉಣ್ಣುತ್ತಾರೆ. ಆ ಅನ್ನಕ್ಕೆ ದಾರಿ ತೋರಿಸದೆ ಪಥ್ಯದ ಚೀಟಿ ಕೊಟ್ಟು ಪ್ರಯೋಜನವಿಲ್ಲ.

ಕವಳದ, ಅಂದರೆ ಎಲೆ ಅಡಿಕೆ ಜಗಿಯುವ ಮಾತು ಸೂಕ್ಷ್ಮ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಮನೆ ಕಟ್ಟಿದವರಿಗೆ ಇದು ಬೆಳೆಯ ಮೇಲಿನ ದಾಳಿಯಂತೆ ಕೇಳುತ್ತದೆ. ನಾನು ತಂಬಾಕಿನಿಂದ ಆರಂಭಿಸಿ, ಅದು ಬಿಟ್ಟ ಮೇಲೆ ಅಡಿಕೆಯ ಸುದ್ದಿ ಎತ್ತುತ್ತೇನೆ.

ಒಮ್ಮೆಗೆ ಒಂದೇ ಬದಲಾವಣೆ ಸಾಕು, ಅದರ ಫಲ ಬೇಗ ಕಣ್ಣಿಗೆ ಕಾಣಬೇಕು. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಕೆಂಪು ರಕ್ತಕಣಗಳ ಸುಮಾರು 120 ದಿನಗಳ ಆಯುಸ್ಸನ್ನು ಅವಲಂಬಿಸಿದ್ದು, ಮೊದಲ ವಾರಗಳ ಶ್ರಮ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ನಿಮ್ಮಲ್ಲಿ ಗ್ಲೂಕೋಮೀಟರ್ ಇದೆಯಲ್ಲ, ಒಂದು ದಿನ ಊಟ ಮಾಡಿ ಕುಳಿತ ಮೇಲೆ, ಇನ್ನೊಂದು ದಿನ ಅದೇ ಊಟ ಮಾಡಿ ನಡೆದ ಮೇಲೆ ನೋಡಿ. ಎರಡು ಅಂಕಿಗಳನ್ನು ಅವರೇ ಓದಲಿ. ತೂಕವನ್ನೊಂದೇ ನೆಚ್ಚಿಕೊಳ್ಳಬೇಡಿ. ಚೆನ್ನೈನ ತಂಡವೊಂದು ಮಧುಮೇಹದ ಗಡಿಯಲ್ಲಿದ್ದವರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಊಟ ಮತ್ತು ನಡಿಗೆಯ ಬದಲಾವಣೆಯಿಂದ ಮಧುಮೇಹಕ್ಕೆ ಜಾರುವ ಸಾಧ್ಯತೆ ಶೇ. 28.5ರಷ್ಟು ಕಡಿಮೆಯಾಗಿತ್ತು.

ಬಿಟ್ಟುಹೋಗುವುದನ್ನು ಮೊದಲೇ ಹೇಳಿಬಿಡಿ: ದೀಪಾವಳಿಗೆ, ಮಗಳ ಬಾಣಂತನಕ್ಕೆ, ಗದ್ದೆ ನಾಟಿಗೆ ತಪ್ಪುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆದು, ನಲವತ್ತು ದಿನಕ್ಕೆ ಮತ್ತೆ ಹೊಡೆಯುತ್ತಾರೆ. ಮಳೆಗೆ ತೊಳೆದುಹೋಯಿತೆಂದು ಯಾರೂ ತೋಟದ ಆಸೆ ಬಿಡುವುದಿಲ್ಲ. ಪಥ್ಯವೂ ಹಾಗೆಯೇ, ತಪ್ಪಿದರೆ ಮತ್ತೆ ಶುರು ಮಾಡುವುದು. ಹೀಗೆ ಹೇಳಿದರೆ ಅಡಿಕೆ ಬೆಳೆಗಾರರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಇನ್ನು ಬರುವುದನ್ನೇ ನಿಲ್ಲಿಸಿದ ಆ ಅಮ್ಮ. ಆಶಾ ಕಾರ್ಯಕರ್ತೆಯ ಜೊತೆ ಅವರ ಮನೆಗೇ ಹೋಗಿ. ಮೊದಲೇ ಬೆರಳು ಚುಚ್ಚಬೇಡಿ. ‘ಲೆಕ್ಕ ಕೇಳಲು ಬಂದಿಲ್ಲ ಅಮ್ಮ, ಯಾವುದು ತೀರಾ ಕಷ್ಟವಾಯಿತು ಹೇಳಿ’ ಎಂದು ಕೇಳಿ, ಅವರು ಕೊಟ್ಟ ಚಹಾವನ್ನು ಸಕ್ಕರೆ ಇಲ್ಲದೆ ಕೇಳಿ ಕುಡಿಯಿರಿ. ಹೊರಡುವ ಮುನ್ನ ಮಾತ್ರೆಯ ಚೀಟಿ ನೋಡಿ. ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಇದ್ದು, ನಿಮ್ಮ ಮಾತು ಕೇಳಿ ಅನ್ನವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿದ್ದರೆ ಅಥವಾ ಏಕಾದಶಿಯ ಉಪವಾಸ ಮಾಡಿದ್ದರೆ, ಶುಗರ್ ಕೆಳಗಿಳಿದು ಕೈ ನಡುಗಿ, ಬೆವತು, ಕಣ್ಣು ಕತ್ತಲೆ ಬಂದಿರಬಹುದು. ಅಂಥದ್ದು ಒಮ್ಮೆ ಆದವರು ಪಥ್ಯಕ್ಕೇ ಹೆದರುತ್ತಾರೆ, ನಾವು ಅದನ್ನು ಸೋಮಾರಿತನ ಎಂದುಕೊಳ್ಳುತ್ತೇವೆ. ಹಾಗೆ ಆಗಿದೆಯೇ ಎಂದು ಬಿಡಿಸಿ ಕೇಳಿ. ಆಗಿದ್ದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅವರೂ ನಿಲ್ಲಿಸದಿರಲಿ; ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನ್ ಮಾಡಿ, ಮಾತ್ರೆಯ ಪ್ರಮಾಣ ಸರಿಪಡಿಸಿದ ಮೇಲೆ ಅನ್ನದ ಮಾತು ತೆಗೆಯಿರಿ.